‘ಹಿರಿಯರಿಗೆ ಅನುದಾನ’: ಈ ‘ಗೆ’ ಯಾರಿಗೆ?

ಪ್ರಶ್ನೆ: ವಯಸ್ಸಾದವರ ಆರೈಕೆ ಮಾಡುವ ಸಂಸ್ಥೆಗಳಿಗೆ ರಾಜ್ಯದ ಎಲ್ಲ ಕಡೆ ಹಣ ಕೊಡುವ ಬಗ್ಗೆ ಒಂದು ಪ್ರಕಟಣೆ ಬರೆಯಬೇಕಿದೆ. ಓದುವವರು ವಿಜಯಪುರ, ಬಾಗಲಕೋಟೆ ಕಡೆಯವರು. ‘ಹಿರಿಯ ನಾಗರಿಕರಿಗೆ ರಾಜ್ಯಮಟ್ಟದ ಅನುದಾನ’ ಎಂದರೆ ಸರಿಯೇ? ಅನುದಾನ, ಸಹಾಯಧನ, ಮಾಸಾಶನ, ಜೀವನಾಂಶ ಇವುಗಳಲ್ಲಿ ಯಾವುದು ಎಲ್ಲಿಗೆ ಹೊಂದುತ್ತದೆ?

ಉತ್ತರ: ಹಾಗೆ ಬರೆದರೆ ಇಂಡಿ, ಸಿಂದಗಿ, ಹುನಗುಂದದ ಹಳ್ಳಿಗಳಿಂದ ಅಜ್ಜ ಅಜ್ಜಿಯರು ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಹಿಡಿದು ಬಂದು ಸರದಿಯಲ್ಲಿ ನಿಲ್ಲುತ್ತಾರೆ. ಅರ್ಜಿ ಹಾಕಬೇಕಾದ ಸಂಸ್ಥೆಗಳು ಅದು ತಮಗಲ್ಲ ಎಂದು ಸುಮ್ಮನಿರುತ್ತವೆ. ತೊಡಕು ‘ಅನುದಾನ’ ಎಂಬ ಪದದಲ್ಲಿ ಅರ್ಧ, ‘ಗೆ’ ಎಂಬ ಪ್ರತ್ಯಯದಲ್ಲಿ ಅರ್ಧ ಇದೆ.

ಪ್ರತ್ಯಯವನ್ನೇ ಮೊದಲು ನೋಡೋಣ. ಕನ್ನಡದ ಚತುರ್ಥಿ ವಿಭಕ್ತಿ, ಅಂದರೆ ಈ ‘ಗೆ’, ಪಡೆಯುವವರನ್ನೂ ಹೇಳುತ್ತದೆ, ಉದ್ದೇಶವನ್ನೂ ಹೇಳುತ್ತದೆ. ‘ಎತ್ತಿಗೆ ಮೇವು’ ಎಂದರೆ ತಿನ್ನುವುದು ಎತ್ತೇ. ‘ಎತ್ತಿಗೆ ಸಾಲ’ ಎಂದರೆ ಸಾಲ ಪಡೆಯುವವನು ರೈತ, ಎತ್ತು ಅದರ ಉದ್ದೇಶ. ಎತ್ತು ಬ್ಯಾಂಕಿಗೆ ಹೋಗುವುದಿಲ್ಲವಾದ್ದರಿಂದ ಅಲ್ಲಿ ಗೊಂದಲವಿಲ್ಲ. ‘ಹಿರಿಯರಿಗೆ ಅನುದಾನ’ ಈ ಎರಡನೆಯ ಬಗೆಯದು. ಆದರೆ ಹಿರಿಯರು ತಾವೇ ಹಣ ಪಡೆಯಬಲ್ಲವರು, ಈಗಾಗಲೇ ತಿಂಗಳ ಹಣ ಪಡೆಯುತ್ತಿರುವವರು. ಹಾಗಾಗಿ ಓದುಗರು ಮೊದಲನೆಯ ಅರ್ಥವನ್ನೇ ಹಿಡಿಯುತ್ತಾರೆ. ಅದು ಅವರ ತಪ್ಪಲ್ಲ, ವಾಕ್ಯದ ತಪ್ಪು.

ಇನ್ನು ‘ಅನುದಾನ’. ಅದರೊಳಗೆ ‘ದಾನ’ ಇದ್ದರೂ ಅದು ದಾನವಲ್ಲ. ಕೊಟ್ಟ ಮೇಲೂ ಅದರ ಮೇಲೆ ಕೊಟ್ಟವರ ಕಣ್ಣಿರುತ್ತದೆ: ಇಂಥ ಕೆಲಸಕ್ಕೆ, ಇಂಥ ವರ್ಷಕ್ಕೆ, ಲೆಕ್ಕ ಒಪ್ಪಿಸುವ ಷರತ್ತಿನ ಮೇಲೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ಅನುದಾನ ಪಡೆದ ಸಂಸ್ಥೆ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ನಮೂನೆ 12-ಎ ಯಲ್ಲಿ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಆ ಹಣಕ್ಕೆ ಬ್ಯಾಂಕಿನಲ್ಲಿ ಬಂದ ಬಡ್ಡಿಯೂ ಸಂಸ್ಥೆಯದಲ್ಲ, ಸರ್ಕಾರಕ್ಕೆ ಮರಳಿಸಬೇಕು. ಬಡ್ಡಿಯನ್ನೂ ಹಿಂದಕ್ಕೆ ಕೇಳುವ ಕೊಡುಗೆಯನ್ನು ದಾನ ಎನ್ನಲಾಗದು. ಪದದ ಹದ ತಿಳಿಯಬೇಕಾದರೆ ‘ಅನುದಾನಿತ ಶಾಲೆ’ಯನ್ನು ನೆನೆಯಿರಿ. ಅಲ್ಲಿ ಮಕ್ಕಳ ಕೈಗೆ ದುಡ್ಡು ಬರುತ್ತದೆಂದು ಯಾರೂ ತಿಳಿಯುವುದಿಲ್ಲ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕೆ ಸಂಸ್ಥೆಗಳು ಅರ್ಜಿ ಹಾಕುವ ಜಾಲತಾಣದ ಹೆಸರೂ ‘ಇ-ಅನುದಾನ್’. 25 ಮಂದಿ ನಿರ್ಗತಿಕ ಹಿರಿಯರ ವಸತಿ ಗೃಹ ನಡೆಸುವಂಥ ಕೆಲಸಕ್ಕೆ ಹಣ ಕೇಳುವುದು ಅಲ್ಲಿಯೇ. ಆದ್ದರಿಂದ ನಿಮ್ಮ ಪ್ರಕಟಣೆಗೆ ‘ಅನುದಾನ’ ಸರಿಯಾದ ಪದವೇ. ಅದರ ಹಿಂದೆ ‘ಸಂಸ್ಥೆಗಳಿಗೆ’ ಎಂಬುದು ಬರಲೇಬೇಕು.

‘ಸಹಾಯಧನ’ ಬೇಡ. ಈ ಕಡೆ ಅದು ತುಂತುರು ನೀರಾವರಿಯ ಪೈಪಿಗೆ, ಟ್ರ್ಯಾಕ್ಟರಿಗೆ ಸಿಗುವ ಸಬ್ಸಿಡಿ: ವಸ್ತುವಿನ ಬೆಲೆಯಲ್ಲಿ ಒಂದು ಪಾಲು ಸರ್ಕಾರದ್ದು, ಉಳಿದದ್ದು ರೈತನದು. ‘ದತ್ತಿ’ ಈ ನೆಲದ ಶಿಲಾಶಾಸನಗಳ ಪದ, ಕಿವಿಗೆ ಇಂಪಾದದ್ದು. ಈಗ ಅದು ಮೂಲಧನ ಇಟ್ಟು ಬಡ್ಡಿಯಲ್ಲಿ ಕೆಲಸ ನಡೆಸುವುದಕ್ಕೆ ಸಲ್ಲುತ್ತದೆ. ವರ್ಷವರ್ಷ ಮಂಜೂರಾಗುವ ಹಣಕ್ಕೆ ಹೊಂದುವುದಿಲ್ಲ.

‘ಮಾಸಾಶನ’ ವ್ಯಕ್ತಿಯ ಕೈಗೇ ಬರುವ ಹಣ. ಮಾಸ, ಅಶನ, ತಿಂಗಳ ಊಟ. ‘ವೃದ್ಧಾಪ್ಯ ವೇತನ’ಕ್ಕಿಂತ ಇದು ಉತ್ತಮ ಪದ, ಏಕೆಂದರೆ ವೇತನ ದುಡಿಮೆಗೆ ಸಿಗುವುದು. ಆದರೂ ಉತ್ತರ ಕರ್ನಾಟಕದ ಬಾಯಲ್ಲಿ ಎರಡೂ ಇಲ್ಲ. ಅಲ್ಲಿ ಅದು ‘ಪಗಾರ’. ‘ಈ ತಿಂಗಳ ಪಗಾರ ಬಂತೇನ್ರಿ ಆಯಿ?’ ಎಂದರೆ ಕೇಳುತ್ತಿರುವುದು ಸರ್ಕಾರದ ಮಾಸಾಶನವನ್ನೇ. ಪೋರ್ಚುಗೀಸಿನಿಂದ ಮರಾಠಿಗೆ, ಅಲ್ಲಿಂದ ನಮಗೆ ಬಂದ ಈ ಪದವನ್ನು ಕರಪತ್ರದಲ್ಲಿ ಬಳಸಲು ಹಿಂಜರಿಯಬೇಕಿಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ 2007ರದು, 65 ತುಂಬಿದವರಿಗೆ. ಕೇಂದ್ರದ ಇಂದಿರಾ ಗಾಂಧಿ ಹೆಸರಿನ ವೃದ್ಧಾಪ್ಯ ಪಿಂಚಣಿ 60ರಿಂದಲೇ. ಅದರಲ್ಲಿ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ, 80 ತುಂಬಿದ ಮೇಲೆ 500. ಎರಡೂ ಅನುದಾನವಲ್ಲ.

‘ಜೀವನಾಂಶ’ ಸರ್ಕಾರದ ಹಣವೇ ಅಲ್ಲ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಬಂದ 2007ರ ಕಾಯ್ದೆಯಡಿ ಮಕ್ಕಳು ಹೆತ್ತವರಿಗೆ ಕೊಡಬೇಕಾದದ್ದು. ತಿಂಗಳಿಗೆ ಗರಿಷ್ಠ 10,000 ರೂಪಾಯಿ ಎಂದು ಕಾಯ್ದೆಯಲ್ಲಿದೆ. ಕೇಳಬೇಕಾದದ್ದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ: ಬೆಳಗಾವಿ ಜಿಲ್ಲೆಯವರಾದರೆ ಬೆಳಗಾವಿ, ಬೈಲಹೊಂಗಲ ಅಥವಾ ಚಿಕ್ಕೋಡಿ, ಬಾಗಲಕೋಟೆಯವರಾದರೆ ಬಾಗಲಕೋಟೆ ಅಥವಾ ಜಮಖಂಡಿ, ವಿಜಯಪುರದವರಾದರೆ ವಿಜಯಪುರ ಅಥವಾ ಇಂಡಿ. ಈ ಪದವನ್ನು ಅನುದಾನದ ಪ್ರಕಟಣೆಯಲ್ಲಿ ಎಲ್ಲೂ ತರಬೇಡಿ.

‘ರಾಜ್ಯಮಟ್ಟದ’ ಎಂಬುದನ್ನೂ ಬಿಡಿ. ಮಟ್ಟ ಎಂದರೆ ಮೆಟ್ಟಿಲು: ತಾಲ್ಲೂಕು, ಜಿಲ್ಲೆ ಗೆದ್ದು ರಾಜ್ಯಮಟ್ಟದ ಕಬಡ್ಡಿಗೆ ಹೋಗುತ್ತಾರೆ. ಅನುದಾನಕ್ಕೆ ಹಾಗೆ ಏರಿ ಬರಬೇಕೆಂದು ಸಣ್ಣ ಸಂಸ್ಥೆಗಳು ಹಿಂಜರಿಯುತ್ತವೆ. ಹೇಳಬೇಕಾದದ್ದು ಹರವು. ‘ರಾಜ್ಯವ್ಯಾಪಿ’ ಆದೀತು. ‘ಎಲ್ಲ ಜಿಲ್ಲೆಗಳ’ ಎಂಬುದು ಅದಕ್ಕಿಂತ ತಿಳಿಯಾಗಿದೆ.

‘ಹಿರಿಯರು’ ಎಂಬುದನ್ನು ಒಂಟಿಯಾಗಿ ಬಿಡಬೇಡಿ. ನಮ್ಮ ಊರುಗಳಲ್ಲಿ ಹಿರಿಯರೆಂದರೆ ನ್ಯಾಯ ಹೇಳುವ ದೈವದ (ಊರ ಪಂಚರ) ಮಂದಿಯೂ ಹೌದು, ತೀರಿಹೋಗಿ ಎಡೆ ಪಡೆಯುವವರೂ ಹೌದು. ‘ಹಿರಿಯ ನಾಗರಿಕರು’ ಎಂದರೆ ಕಾಯ್ದೆಯ ಅರ್ಥ, ಅಂದರೆ 60 ತುಂಬಿದವರು ಎಂದು ನಿಲ್ಲುತ್ತದೆ. ‘ಸೇವೆ’ಯೂ ಹಾಗೆಯೇ: ಮಠದ ದಾಸೋಹ ಕಣ್ಣಿಗೆ ಬರುತ್ತದೆ. ವೃದ್ಧಾಶ್ರಮ, ಹಗಲು ಯೋಗಕ್ಷೇಮ ಕೇಂದ್ರ, ಮನೆಗೆ ಊಟ ತಲುಪಿಸುವುದು ಎಂದು ಬಿಡಿಸಿ ಬರೆಯಿರಿ.

ಕೊನೆಗೆ ಕ್ರಿಯಾಪದಗಳು. ‘ಮಂಜೂರು’ ಎಂದರೆ ಒಪ್ಪಿಗೆ; ‘ಬಿಡುಗಡೆ’ ಎಂದರೆ ಖಜಾನೆಯಿಂದ ಹೊರಟದ್ದು; ‘ಜಮಾ’ ಎಂದರೆ ಖಾತೆಗೆ ಬಂದದ್ದು. ಮಂಜೂರಾದ ಸುದ್ದಿಯನ್ನೇ ನಂಬಿ ಅಡುಗೆಯವರನ್ನು ನೇಮಿಸಿಕೊಂಡ ಸಂಸ್ಥೆ ಜಮಾ ಆಗುವವರೆಗೆ ಅಂಗಡಿಯ ಉದ್ರಿಯಲ್ಲಿ ಅಕ್ಕಿ, ಜೋಳ ತರಬೇಕಾಗುತ್ತದೆ. ಮೂರನ್ನೂ ‘ಹಣ ನೀಡಲಾಗಿದೆ’ ಎಂಬ ಒಂದೇ ಮಾತಿನಲ್ಲಿ ಮುಚ್ಚಬೇಡಿ.

ಹೀಗೆ ಬರೆಯಬಹುದು: ‘ಹಿರಿಯ ನಾಗರಿಕರ ಆರೈಕೆ ನಡೆಸುವ ಸಂಘ-ಸಂಸ್ಥೆಗಳಿಗೆ ಅನುದಾನ. ಎಲ್ಲ ಜಿಲ್ಲೆಗಳ ಸಂಸ್ಥೆಗಳೂ ಅರ್ಜಿ ಹಾಕಬಹುದು.’ ಅದರ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ: ‘ಇದು ಮನೆಗೆ ಬರುವ ಪಗಾರವಲ್ಲ. ಪಗಾರಕ್ಕೆ ನಿಮ್ಮ ನಾಡಕಚೇರಿಯಲ್ಲಿ ಅರ್ಜಿ ಕೊಡಿ.’