ಬದಲಿಸಿದ ಸೆಲ್ಫ್ ಮೋಟಾರ್ ಕಿರುಚುತ್ತಿದೆ: ಶಿಮ್ ಹಾಕಲೇ, ಬೇಡವೇ?

ಹಳೆಗಾಲಿ:
ನನ್ನದು ಕಾರ್ಬ್ಯುರೇಟರ್ ಕಾಲದ ಕಾರು. ಎಂಜಿನ್ ಚಾಲೂ ಮಾಡುವ ಸೆಲ್ಫ್ ಮೋಟಾರ್ ಕೈಕೊಟ್ಟಿದ್ದರಿಂದ ರೀಕಂಡೀಷನ್ ಮಾಡಿದ ಒಂದನ್ನು ತಂದು ನಾನೇ ಕೂರಿಸಿದ್ದೇನೆ. ಬ್ಲಾಕಿನ ಅಡಿಗೆ ಕೂರುವ ಜಾತಿ. ಎರಡು ಬೋಲ್ಟುಗಳು ಕೆಳಗಿನಿಂದ ನೇರವಾಗಿ ಮೇಲಕ್ಕೆ ಹೋಗುತ್ತವೆ. ಪೆಟ್ಟಿಗೆಯಲ್ಲಿ ಎರಡು ಶಿಮ್ (ಮೋಟಾರಿಗೂ ಬ್ಲಾಕಿಗೂ ನಡುವೆ ಇಡುವ ತೆಳು ತಗಡು) ಬಂದಿದ್ದವು. ಹಳೆಯ ಮೋಟಾರಿಗೆ ಶಿಮ್ ಇರಲಿಲ್ಲವಾದ್ದರಿಂದ ಇದಕ್ಕೂ ಹಾಕಿಲ್ಲ. ಎಂಜಿನ್ನನ್ನು ತಿರುಗಿಸುವಾಗ ಸದ್ದು ಸರಿಯಾಗಿಯೇ ಇದೆ. ಎಂಜಿನ್ ಹೊತ್ತಿಕೊಂಡು ಕೀಲಿ ಬಿಡುವ ಹೊತ್ತಿಗೆ ಮಾತ್ರ ಕಿರ್ರೆಂದು ಕಿರುಚಿ ನಿಲ್ಲುತ್ತದೆ. ಇದನ್ನು ಅನುಭವಿಸಿದವರು ದಯವಿಟ್ಟು ತಿಳಿಸಿ.

ಸುಟ್ಟ ಕಾಯಿಲ್:
ರೀಕಂಡೀಷನ್ ಎಂದಿರಲ್ಲ, ಅಲ್ಲಿಗೇ ಕಥೆ ಗೊತ್ತಾಯಿತು. ನಾನು ತಂದದ್ದೂ ಫಳಫಳ ಹೊಳೆಯುತ್ತಿತ್ತು. ಹೊಳೆದದ್ದು ಬಣ್ಣ. ಬಿಚ್ಚಿದರೆ ಕರೆಂಟ್ ದಾಟಿಸುವ ಬ್ರಷ್ ಹೊಸದು, ಅದು ಉಜ್ಜುವ ಕಮ್ಯುಟೇಟರ್ ಮಾತ್ರ ಹಳೆಯ ಗೀರುಗಳ ಸಮೇತ ಹಾಗೇ ಇತ್ತು. ತಾಮ್ರದ ಪಟ್ಟಿಗಳ ನಡುವಿನ ಮೈಕಾವನ್ನು ಕೆತ್ತುವ ಕಷ್ಟವನ್ನೂ ಯಾರೂ ತೆಗೆದುಕೊಂಡಿರಲಿಲ್ಲ. ಅಕ್ಷವನ್ನು ಹಿಡಿಯುವ ಹಿಂಬದಿಯ ಬುಷ್ ಸವೆದು, ಒಳಗೆ ತಿರುಗುವ ಆರ್ಮೇಚರ್ ಒಂದು ಬದಿಗೆ ಉಜ್ಜಿಕೊಂಡ ಗುರುತು ಬೇರೆ.

ಖರ್ಚಿನ ಲೆಕ್ಕ ಕೇಳಿ. ಮೊದಲು ಅವರಿಗೆ ಕೊಟ್ಟದ್ದು ಹೊಸ ಮೋಟಾರಿನ ಬೆಲೆಯ ಅರ್ಧ. ಹಳೆಯದನ್ನು ಹಿಂತಿರುಗಿಸಿದರೆ ವಾಪಸ್ ಬರಬೇಕಿದ್ದ ಠೇವಣಿ ಬರಲಿಲ್ಲ, ಮೂತಿಯಲ್ಲಿ ಬಿರುಕಿದೆಯಂತೆ. ನಂತರ ಬುಷ್. ಆಮೇಲೆ, ಮೋಟಾರಿನ ಹಲ್ಲುಗಾಲಿಯನ್ನು ಮುಂದೂಡಿ ಕರೆಂಟ್ ಬಿಡುವ ಸೊಲೆನಾಯ್ಡ್. ಪ್ರತಿ ಸಲವೂ ಮೋಟಾರ್ ಹೊರಬರಲು ಸೈಲೆನ್ಸರ್ ಪೈಪನ್ನು ಇಳಿಸಬೇಕು, ಇಳಿಸಿದ ಮೇಲೆ ಹೊಸ ಗ್ಯಾಸ್ಕೆಟ್ ಹಾಕಬೇಕು. ಕೊನೆಗೆ ತುಕ್ಕು ಹಿಡಿದ ಸ್ಟಡ್ ಒಂದು ಮುರಿದು, ಅದನ್ನು ಕೊರೆದು ತೆಗೆದವನ ಕೂಲಿ ಸೇರಿ, ಒಟ್ಟು ಮೊತ್ತ ಹೊಚ್ಚ ಹೊಸ ಮೋಟಾರನ್ನು ದಾಟಿತು. ಎಸೆದುಬಿಡಿ ಅದನ್ನು. ಗೇರ್ ರಿಡಕ್ಷನ್ ಮೋಟಾರ್ ಹಾಕಿಸಿಕೊಳ್ಳಿ. ನಾನು ಹಾಕಿಸಿಕೊಂಡೆ, ನೆಮ್ಮದಿಯಾಗಿದ್ದೇನೆ.

ಮೂಲ ಬಿಡಿಭಾಗ:
ನೆಮ್ಮದಿಯಾಗಿರುವವರು ಇಷ್ಟುದ್ದ ಬರೆಯುವುದಿಲ್ಲ. ಗೇರ್ ರಿಡಕ್ಷನ್ ಹಾಕಿದ ಹಳೆಯ ಕಾರಿನ ಸೆಲ್ಫ್ ಹೊಡೆದರೆ ಮಿಕ್ಸಿ ತಿರುಗಿಸಿದಂತೆ ಕೇಳಿಸುತ್ತದೆ. ನನ್ನ ಮೋಟಾರು ಕಾರಿನ ಜೊತೆ ಬಂದದ್ದೇ. ಬುಷ್ ಬದಲಿಸಿದ್ದೇನೆ, ಕಮ್ಯುಟೇಟರನ್ನು ಲೇತಿನಲ್ಲಿ ಹಿಡಿಸಿದ್ದೇನೆ, ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟ ಕಡೆ ತಿರುಗಿಸಿ ಕೂರಿಸಿದ್ದೇನೆ. ಒಂದು ಮಧ್ಯಾಹ್ನದ ಕೆಲಸ. ಅದನ್ನು ಮಾಡಲಾರದವರು ಪೆಟ್ಟಿಗೆ ಕೊಳ್ಳುತ್ತಾರೆ, ಪೆಟ್ಟಿಗೆಯ ಬಗ್ಗೆ ಅಳುತ್ತಾರೆ.

ಸುಟ್ಟ ಕಾಯಿಲ್:
ಸದ್ದು ಕೇಳಿ ಸಂತೋಷಪಡಲು ನಾನು ಕಾರು ಇಟ್ಟುಕೊಂಡಿಲ್ಲ, ಹೋಗಲು ಇಟ್ಟುಕೊಂಡಿದ್ದೇನೆ. ಒಳಗಿನ ಸಣ್ಣ ಮೋಟಾರು ಜೋರಾಗಿ ತಿರುಗಿ, ಗೇರಿನ ಮೂಲಕ ಬಲ ಹೆಚ್ಚಿಸಿಕೊಳ್ಳುತ್ತದೆ. ತೂಕ ಕಡಿಮೆ, ಎಳೆಯುವ ಕರೆಂಟೂ ಕಡಿಮೆ. ಎಕ್ಸಾಸ್ಟ್ ಪಕ್ಕದಲ್ಲಿ ಕುದಿಯುತ್ತಿದ್ದ ಹಳೆಯ ಮೋಟಾರು ಎಂಜಿನ್ ಬಿಸಿಯಾದಾಗ ಟಕ್ ಎಂದು ಸುಮ್ಮನಾಗುತ್ತಿತ್ತಲ್ಲ, ಆ ಕಾಟ ಪೂರ್ತಿ ಹೋಯಿತು. ನಿಮ್ಮ ಒಂದು ಮಧ್ಯಾಹ್ನ ಎಷ್ಟು ಸಂಜೆಗಳನ್ನು ನುಂಗಿತು ಎಂದು ಮನೆಯವರನ್ನು ಕೇಳಿ.

ಮಲ್ಟಿಮೀಟರ್:
ಬಿಸಿಯಾದಾಗ ಟಕ್ ಎಂದು ನಿಲ್ಲುವುದು ಬಹುಪಾಲು ವೈರಿನ ರೋಗ. ತಾಮ್ರ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಏರುತ್ತದೆ. ಕೀಲಿಯಿಂದ ಸೊಲೆನಾಯ್ಡಿಗೆ ಬರುವ ತೆಳು ವೈರು ಹಳೆಯದಾಗಿದ್ದರೆ ಒಳಗಿನ ಕಾಯಿಲ್‌ಗೆ ಪ್ಲಂಜರ್ ಎಂಬ ಸರಳನ್ನು ಎಳೆಯುವ ಶಕ್ತಿಯೇ ಸಾಲದು. ನಾನು ಎರಡು ಮೋಟಾರ್ ಕೊಂಡ ಮೇಲೆ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಮೀಟರಿನ ಕಡ್ಡಿ ಹಿಡಿದು ತೋರಿಸಿದರು. ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಇತ್ತು, ಸೆಲ್ಫ್ ಹೊಡೆದಾಗಲೂ 9.6ರ ಮೇಲೆಯೇ ನಿಂತಿತು. ಹಾಗಾದರೆ ಬ್ಯಾಟರಿ ತಪ್ಪಲ್ಲ. ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಮೋಟಾರಿನ ಮೈಗೂ ಇಟ್ಟು ಸೆಲ್ಫ್ ಹೊಡೆಸಿದರೆ ಪೂರಾ 1 ವೋಲ್ಟಿಗಿಂತ ಹೆಚ್ಚು! ಅಲ್ಲಿ 0.2 ಅಥವಾ 0.3 ದಾಟಬಾರದು. ಎಂಜಿನ್‌ಗೂ ಬಾಡಿಗೂ ನಡುವಿನ ಹೆಣೆದ ಅರ್ಥ್ ಪಟ್ಟಿ ಒಂದೇ ಎಳೆಯಲ್ಲಿ ತೂಗುತ್ತಿತ್ತು. ಆ ಪಟ್ಟಿಯ ಬೆಲೆಯನ್ನು ಇಲ್ಲಿ ಹೇಳಿದರೆ ಎರಡು ಮೋಟಾರ್‌ಗಳ ನೆನಪಾಗಿ ರಕ್ತದೊತ್ತಡ ಏರುತ್ತದೆ. ರೀಕಂಡೀಷನ್ ಮೋಟಾರಿನ ಮೂತಿಗೂ ಬಣ್ಣ ಬಳಿದಿರುತ್ತಾರೆ, ಅದನ್ನು ಕೆರೆದು ಲೋಹ ಹೊಳೆಯುವಂತೆ ಮಾಡದೆ ಕೂರಿಸಿದರೆ ಅರ್ಥ್ ಎಲ್ಲಿಂದ ಸಿಗಬೇಕು?

ಗ್ರೀಸ್ ಕೈ:
ಇಷ್ಟೆಲ್ಲ ಏಕೆ? ಸೊಲೆನಾಯ್ಡಿನ ಮೇಲೆ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ, ಹೊತ್ತಿಕೊಳ್ಳುತ್ತದೆ. ವರ್ಷಗಳಿಂದ ಹೀಗೇ ನಡೆಸುತ್ತಿದ್ದೇನೆ, ಒಂದು ಕಾಸೂ ಬಿಚ್ಚಿಲ್ಲ. ತಟ್ಟಿದರೂ ಕೇಳದಿದ್ದರೆ ಇಳಿಜಾರಿನಲ್ಲಿ ನಿಲ್ಲಿಸುವುದು.

ಸುಟ್ಟ ಕಾಯಿಲ್:
ದಯವಿಟ್ಟು ಇದನ್ನು ಯಾರೂ ಪಾಲಿಸಬೇಡಿ. ಎಷ್ಟೋ ಗೇರ್ ರಿಡಕ್ಷನ್ ಮೋಟಾರುಗಳಲ್ಲಿ ಫೀಲ್ಡ್ ಕಾಯಿಲ್ ಎಂಬ ತಂತಿಯ ಸುರುಳಿಯ ಬದಲು ಶಾಶ್ವತ ಅಯಸ್ಕಾಂತ ಇರುತ್ತದೆ. ಮೈಮೇಲೆ ಹೊಡೆದರೆ ಅದು ಚೂರಾಗಿ ಆರ್ಮೇಚರಿನ ಮಧ್ಯೆ ಸಿಕ್ಕಿಕೊಳ್ಳುತ್ತದೆ.

ಗ್ರೀಸ್ ಕೈ:
ನಾನು ಸೊಲೆನಾಯ್ಡ್ ಎಂದೆ, ಮೋಟಾರಿನ ಮೈ ಎನ್ನಲಿಲ್ಲ. ಓದಿ ಬೈಯಿರಿ.

ಮೂಲ ಬಿಡಿಭಾಗ:
ಹಳೆಯ ಮೋಟಾರಿನಲ್ಲಿ ಒಡೆಯಲು ಅಯಸ್ಕಾಂತವೇ ಇಲ್ಲ ಎಂಬುದನ್ನು ಮಾತ್ರ ಗುರುತು ಹಾಕಿಕೊಳ್ಳುತ್ತೇನೆ.

ಬೆಲ್ ಹೌಸಿಂಗ್:
ಶಿಮ್ ಎಂಬುದು ಶುದ್ಧ ಮೂಢನಂಬಿಕೆ. ನನ್ನ ಕಾರಿನಲ್ಲಿ ಮೋಟಾರಿನ ಮೂತಿ ಗೇರ್‌ಬಾಕ್ಸಿನ ಮುಂದಿನ ಕವಚವಾದ ಬೆಲ್ ಹೌಸಿಂಗಿನ ರಂಧ್ರದಲ್ಲಿ ಬಿಗಿಯಾಗಿ ಕೂರುತ್ತದೆ, ಬೋಲ್ಟುಗಳು ಕ್ರ್ಯಾಂಕಿಗೆ ಸಮಾನಾಂತರ. ಅಲ್ಲಿ ಹೊಂದಿಸುವುದಕ್ಕೆ ಏನಿದೆ? ಸದ್ದು ಬಂದರೆ ಮೋಟಾರಿನ ಹಲ್ಲುಗಾಲಿಯ (ಪಿನಿಯನ್) ಏಕಮುಖ ಕ್ಲಚ್ ಹೋಗಿದೆ, ಅಷ್ಟೇ. ನನ್ನದು ಹೋಗಿದ್ದಾಗ ಮೋಟಾರು ಝುಂಯ್ ಎಂದು ತಿರುಗುತ್ತಿತ್ತು, ಎಂಜಿನ್ ಕದಲುತ್ತಿರಲಿಲ್ಲ.

ಶಿಮ್ ಡಬ್ಬಿ:
ಒಂದೇ ಕಾರನ್ನು ನೋಡಿದವರು ಎಲ್ಲ ಕಾರುಗಳಿಗೂ ಕಾನೂನು ಬರೆಯಬಾರದು. ನಿಮ್ಮದು ಆ ವಿನ್ಯಾಸ, ಪ್ರಶ್ನೆ ಕೇಳಿದವರದು ಈ ವಿನ್ಯಾಸ. ಬೋಲ್ಟ್ ಕೆಳಗಿನಿಂದ ಮೇಲಕ್ಕೆ ಹೋಗುವ ಕಡೆ ಮೋಟಾರನ್ನು ಎಂಜಿನ್ನಿನ ಫ್ಲೈವ್ಹೀಲ್ ಚಕ್ರದಿಂದ ದೂರ ಇಡುವುದೇ ಶಿಮ್. ಸದ್ದು ಯಾವಾಗ ಬರುತ್ತದೆ ಎಂಬುದರಲ್ಲೇ ಉತ್ತರವಿದೆ. ಸೆಲ್ಫ್ ತಿರುಗಿಸುತ್ತಿರುವಾಗ ಕಿರುಚಿದರೆ ಪಿನಿಯನ್ ಫ್ಲೈವ್ಹೀಲಿನ ಸುತ್ತಲಿನ ರಿಂಗ್ ಗೇರಿನಿಂದ ದೂರವಿದೆ, ಶಿಮ್ ತೆಗೆಯಬೇಕು. ಎಂಜಿನ್ ಹೊತ್ತಿಕೊಂಡು ಕೀಲಿ ಬಿಡುವಾಗ ಕಿರುಚಿದರೆ ಹಲ್ಲುಗಳು ವಿಪರೀತ ಹತ್ತಿರ ಕಚ್ಚಿವೆ, ಶಿಮ್ ಹಾಕಬೇಕು.

ನನ್ನ ಕಾರಿನಲ್ಲಿ ಇದನ್ನು ಕಂಡುಹಿಡಿಯುವ ಮೊದಲು ರಿಂಗ್ ಗೇರಿನ ಹಲ್ಲುಗಳ ಅಂಚು ಕನ್ನಡಿಯಾಗಿ ಬಿಟ್ಟಿತ್ತು. ಅದೂ ಸುತ್ತಲೂ ಅಲ್ಲ, ಎದುರುಬದುರು ಎರಡೇ ಕಡೆ. ನಾಲ್ಕು ಸಿಲಿಂಡರಿನ ಎಂಜಿನ್ ಹೆಚ್ಚಾಗಿ ಆ ಎರಡು ಜಾಗಗಳಲ್ಲೇ ನಿಲ್ಲುತ್ತದೆ. ಗೇರ್‌ಬಾಕ್ಸ್ ಇಳಿಸಿದ ಖರ್ಚಿನಲ್ಲಿ ರಿಂಗ್ ಗೇರಿನ ಪಾಲು ಏನೂ ಅಲ್ಲ, ಎಲ್ಲ ಕೂಲಿಯೇ. ಹೇಗೂ ಇಳಿಸಿದ್ದೀರಿ ಎಂದು ಕ್ಲಚ್ ಪ್ಲೇಟನ್ನೂ ತಲೆಗೆ ಕಟ್ಟಿದರು. ಪೆಟ್ಟಿಗೆಯಲ್ಲಿ ಶಿಮ್ ಬಂದಿತ್ತು, ಅದನ್ನು ಹಾಕುವುದು ಮೋಟಾರ್ ಕೂರಿಸಿದ ಗ್ಯಾರೇಜಿನವನಿಗೆ ಬೇಡವಾಗಿತ್ತು.

ಬೆಲ್ ಹೌಸಿಂಗ್:
ಯಾರ ಕಾರು ಎಂದು ಹೇಳಿಯೇ ಬರೆದಿದ್ದೇನೆ. ಕಾನೂನು ಬರೆದವರು ನೀವು.

ಹಳೆಗಾಲಿ:
ಎಲ್ಲರಿಗೂ ಧನ್ಯವಾದ. ನನ್ನದು ಕೀಲಿ ಬಿಡುವಾಗ ಬರುವ ಸದ್ದು. ಎರಡೂ ಶಿಮ್‌ಗಳನ್ನು ಒಟ್ಟಿಗೆ ಹಾಕಬೇಕೇ? ಅಂತರ ಅಳೆಯುವುದು ಹೇಗೆ?

ಶಿಮ್ ಡಬ್ಬಿ:
ಮೊದಲು ಒಂದು. ನೆಗೆಟಿವ್ ವೈರ್ ಬಿಚ್ಚಿ, ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬರೀ ಜ್ಯಾಕನ್ನು ನಂಬಿ ಅಡಿಗೆ ಹೋಗಬೇಡಿ. ಫ್ಲೈವ್ಹೀಲಿನ ಕೆಳಮುಚ್ಚಳ ತೆಗೆದು, ಸ್ಕ್ರೂಡ್ರೈವರಿನಿಂದ ಪಿನಿಯನ್ನನ್ನು ಮುಂದಕ್ಕೆ ಎಳೆದು ಹಲ್ಲಿಗೆ ಹಲ್ಲು ಕಚ್ಚಿಸಿ. ಪಿನಿಯನ್ ಹಲ್ಲಿನ ತುದಿಗೂ ರಿಂಗ್ ಗೇರಿನ ಕಣಿವೆಯ ತಳಕ್ಕೂ ನಡುವೆ 0.020 ಇಂಚು ದಪ್ಪದ ತಂತಿ ನುಸುಳಲೇಬೇಕು. 0.015 ಇಂಚಿನ ಶಿಮ್ ಹಾಕಿದರೆ ಈ ಅಂತರ ಹೆಚ್ಚುವುದು ಸುಮಾರು 0.005 ಇಂಚು ಮಾತ್ರ, ಶಿಮ್ಮಿನ ಪೂರ್ತಿ ದಪ್ಪ ಅಲ್ಲಿಗೆ ಬರುವುದಿಲ್ಲ. ತಂತಿ ಇನ್ನೂ ಸಿಕ್ಕಿಕೊಂಡರೆ ಎರಡನೆಯದನ್ನು ಹಾಕಿ. ಬೋಲ್ಟ್ ಹಳೆಯದೇ ಇರಲಿ. ಅದರ ನಡುಭಾಗದಲ್ಲಿ ತಯಾರಿಕೆಯಲ್ಲೇ ಮೂಡಿಸಿದ ಗೀರುಗಳಿದ್ದರೆ ಮೋಟಾರನ್ನು ಜಾಗದಲ್ಲಿ ಹಿಡಿಯುವುದು ಆ ಗೀರೇ. ಅಂಗಡಿಯ ಸಾದಾ ಬೋಲ್ಟ್ ಹಾಕಿದರೆ ಮೋಟಾರ್ ಓರೆಯಾಗುತ್ತದೆ.

ಮಲ್ಟಿಮೀಟರ್:
ಸೊಲೆನಾಯ್ಡಿನ ದಪ್ಪ ವೈರಿನ ನಟ್ಟನ್ನು ಹಿಂಡಬೇಡಿ. ಸ್ಟಡ್ ತಿರುಗಿದರೆ ಒಳಗಿನ ಬೆಸುಗೆ ಕಿತ್ತುಬರುತ್ತದೆ.

ಹಳೆಗಾಲಿ:
ಒಂದು ಶಿಮ್ಮಿಗೆ ಸದ್ದು ಅರ್ಧವಾಯಿತು, ಎರಡನೆಯದಕ್ಕೆ ನಿಂತಿತು. ತಂತಿ ಸಲೀಸಾಗಿ ನುಸುಳುತ್ತಿದೆ. ಮೂತಿಯ ಬಣ್ಣವನ್ನೂ ಕೆರೆದೆ.

ಸುಟ್ಟ ಕಾಯಿಲ್:
ಈಗ ನಿಂತಿದೆ. ಬುಷ್ ನೋಡಿದಿರಾ?

ಮೂಲ ಬಿಡಿಭಾಗ:
ಅವರ ಮೋಟಾರು ತಿರುಗುತ್ತಿದೆ, ನಿಮಗೇನು ಸಂಕಟ?

ಗ್ರೀಸ್ ಕೈ:
ಸೊಲೆನಾಯ್ಡ್ ತಟ್ಟಿದರೆ ಮೋಟಾರಿನೊಳಗಿನ ಅಯಸ್ಕಾಂತ ಹೇಗೆ ಒಡೆಯುತ್ತದೆ ಎಂದು ಇನ್ನೂ ಯಾರೂ ಹೇಳಿಲ್ಲ.