ಕ್ಲಚ್ಚಿನ ಪಾಠ

ನಿವೃತ್ತಿಯಾದ ಮೇಲೆ ಕಾರು ಕಲಿಯಲು ಹೊರಟ ನಮ್ಮ ಗಣಿತದ ಮೇಷ್ಟ್ರಿಗೆ ಗುರುಗಳ ಬರವಿಲ್ಲ. ಕುಕ್ಕರಹಳ್ಳಿ ಕೆರೆಯನ್ನು ಸುತ್ತಿ ಬಂದು ಕಾಫಿಗೆ ಕುಳಿತರೆ ಸಾಕು, ಉಪದೇಶ ಶುರು. ಜೀವಮಾನವೆಲ್ಲ ಪಾಠ ಹೇಳಿದವರಿಗೇ ಪಾಠ ಹೇಳುವ ಅವಕಾಶವನ್ನು ಯಾರು ತಾನೇ ಬಿಟ್ಟಾರು?

“ಕ್ಲಚ್ ನಿಧಾನವಾಗಿ ಬಿಡಿ, ಆಕ್ಸಿಲರೇಟರ್ ನಿಧಾನವಾಗಿ ಒತ್ತಿ. ಅಷ್ಟೇ,” ಎಂದರು ವಕೀಲರು.

“ನಿಧಾನ ಎಂದರೆ ಎಷ್ಟು?”

“ಅದನ್ನು ಹೇಳಲಾಗದು ಮೇಷ್ಟ್ರೇ. ಕಾಲಿಗೇ ಗೊತ್ತಾಗುತ್ತದೆ.”

“ನಿಮ್ಮ ಕಕ್ಷಿದಾರರಿಗೂ ಹೀಗೆಯೇ ಹೇಳುತ್ತೀರಾ?”

ಇಂಜಿನಿಯರಿಗೆ ಇದೇ ಬೇಕಾಗಿತ್ತು. ಎರಡು ಸಾಸರುಗಳನ್ನು ಎಳೆದುಕೊಂಡು ಒಂದರ ಬೆನ್ನಿಗೆ ಇನ್ನೊಂದರ ಬೆನ್ನು ತಾಗಿಸಿದರು. “ಇದು ಫ್ಲೈವೀಲ್, ಎಂಜಿನ್ನಿಗೆ ಸೇರಿದ ಚಕ್ರ. ಕಾರು ನಿಂತಿದ್ದರೂ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ. ಇದು ಕ್ಲಚ್ ಪ್ಲೇಟು, ಗೇರಿಗೂ ಚಕ್ರಕ್ಕೂ ಸೇರಿದ್ದು, ಈಗ ನಿಂತಿದೆ. ಪೆಡಲ್ ಒತ್ತಿದಾಗ ಎರಡೂ ದೂರ. ಕಾಲನ್ನು ಪೂರ್ತಿ ತೆಗೆದರೆ ಎರಡೂ ಅಂಟಿಕೊಳ್ಳುತ್ತವೆ. ಏಕಾಏಕಿ ಅಂಟಿಸಿದಿರೋ, ನಿಂತ ಚಕ್ರಗಳ ಭಾರಕ್ಕೆ ಎಂಜಿನ್ನೇ ನಿಂತುಬಿಡುತ್ತದೆ. ನಡುವೆ ಒಂದಿಷ್ಟು ಹೊತ್ತು ಉಜ್ಜಿಕೊಂಡು ಜಾರಬೇಕು, ಹೀಗೆ...”

ಸಾಸರು ಕಿರ್‍ರೆಂದಿತು. ಹೋಟೆಲಿನ ಹುಡುಗ ಓಡಿಬಂದು ಎರಡನ್ನೂ ಎತ್ತಿಕೊಂಡು ಹೋದ. ವಿಜ್ಞಾನ ಅಲ್ಲಿಗೇ ನಿಂತಿತು.

“ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಒಮ್ಮೆಯೂ ಆಫ್ ಆಗಲಿಲ್ಲವಲ್ಲ?” ಎಂದರು ಮೇಷ್ಟ್ರು, ತುಸು ಹೆಮ್ಮೆಯಿಂದಲೇ.

“ಅಲ್ಲಿ ಪಕ್ಕದ ಸೀಟಿನವನ ಕಾಲಡಿಯಲ್ಲೂ ಕ್ಲಚ್ಚು, ಬ್ರೇಕು ಇರುತ್ತವೆ. ಓಡಿಸಿದ್ದು ಅವನು, ಸ್ಟೇರಿಂಗ್ ಹಿಡಿದಿದ್ದು ನೀವು,” ಎಂದು ವಕೀಲರು ತೀರ್ಪು ಕೊಟ್ಟರು.

ಅಷ್ಟು ಹೊತ್ತು ಸುಮ್ಮನೆ ಇಡ್ಲಿ ಮುಗಿಸುತ್ತಿದ್ದ ಬ್ಯಾಂಕಿನ ಮೇಡಂ ಕೈ ಒರೆಸಿಕೊಂಡರು. “ಮೇಷ್ಟ್ರೇ, ಆಕ್ಸಿಲರೇಟರನ್ನು ಮುಟ್ಟಲೇಬೇಡಿ. ಸಮತಟ್ಟಾದ ಮೈದಾನದಲ್ಲಿ ಮೊದಲ ಗೇರಿಗೆ ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಊರಿ, ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಡುತ್ತ ಬನ್ನಿ. ಎಂಜಿನ್ನಿನ ಸದ್ದು ತಗ್ಗುತ್ತದೆ, ಬಾನೆಟ್ಟು ಸಣ್ಣಗೆ ನಡುಗುತ್ತದೆ. ಕಾಲು ಅಲ್ಲೇ ನಿಲ್ಲಲಿ. ಕಾರು ತಾನಾಗಿ ತೆವಳುತ್ತದೆ. ಅದೇ ಹಾಫ್ ಕ್ಲಚ್. ಆ ಜಾಗ ಕಾಲಿಗೆ ಸಿಕ್ಕಿದರೆ ಚಾಮುಂಡಿ ಬೆಟ್ಟದ ಏರಿನಲ್ಲೂ ಹ್ಯಾಂಡ್ ಬ್ರೇಕ್ ಹಾಕಿಕೊಂಡು, ಆಕ್ಸಿಲರೇಟರನ್ನು ತುಸು ಒತ್ತಿ ಇದನ್ನೇ ಮಾಡುವುದು. ಕಾರು ಮುಂದಕ್ಕೆ ತುಡಿಯುವಾಗ ಬ್ರೇಕ್ ಇಳಿಸುವುದು. ಆದರೆ ಸಿಗ್ನಲ್ಲಿನಲ್ಲಿ ಕಾಲನ್ನು ಅಲ್ಲೇ ಇಟ್ಟುಕೊಂಡು ಕೂರಬೇಡಿ, ಪ್ಲೇಟು ಸುಟ್ಟ ವಾಸನೆ ಬರುತ್ತದೆ.”

ನನಗಂತೂ ಮೊದಲ ಬಾರಿಗೆ ಯಾರೋ ಕನ್ನಡದಲ್ಲಿ ಮಾತನಾಡಿದಂತಾಯಿತು. ಮೇಷ್ಟ್ರು ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡರು.

“ಇಷ್ಟೆಲ್ಲ ಪಾಡು ಏಕೆ? ಕ್ಲಚ್ ಪೆಡಲೇ ಇಲ್ಲದ ಆಟೊಮ್ಯಾಟಿಕ್ ಕೊಂಡುಬಿಡಿ,” ಎಂದರು ಇಂಜಿನಿಯರು. ಸಾಸರಿನ ಅವಮಾನ ಇನ್ನೂ ಆರಿರಲಿಲ್ಲ.

“ಅಮೆರಿಕಕ್ಕೆ ಹೋಗುವಾಗ ಮಗ ಬಿಟ್ಟುಹೋದ ಕಾರು ಇರುವಾಗ ಬೇರೆ ಏಕೆ? ಅವನಿಗೆ ಅಲ್ಲಿ ಆಟೊಮ್ಯಾಟಿಕ್ಕೇ ಅಭ್ಯಾಸವಾಗಿ ಎಡಗಾಲು ಮರೆತೇ ಹೋಗಿದೆಯಂತೆ. ಬಂದಾಗ ನಾನೇ ಕೂರಿಸಿಕೊಂಡು ಹೋಗಬೇಕು.”

ಮುಂದಿನ ಜಗಳ ರಿವರ್ಸ್ ಗೇರಿನದು. ಐದನೆಯದರ ಕೆಳಗೆ, ಬಲಕ್ಕೆ ಎಂದರು ವಕೀಲರು. ಅಲ್ಲ, ಎಡಕ್ಕೆ, ಮೊದಲನೆಯದರ ಪಕ್ಕದಲ್ಲಿ, ಹಿಡಿಯ ಕೆಳಗಿನ ಬಳೆಯನ್ನು ಮೇಲೆತ್ತಿ ಹಾಕಬೇಕು ಎಂದರು ಇಂಜಿನಿಯರು. ಇಬ್ಬರೂ ಸರಿ, ಕಾರುಗಳು ಬೇರೆ ಬೇರೆ. ಅದನ್ನು ಹೇಳಿ ಜಗಳ ಕೆಡಿಸುವ ಮನಸ್ಸು ನನಗೆ ಬರಲಿಲ್ಲ.

“ಮೊದಲು ಮುಂದಕ್ಕೆ ಹೋಗಲಿ ಸ್ವಾಮಿ,” ಎಂದರು ಮೇಷ್ಟ್ರು. “ನಾಳೆ ನನ್ನ ಪಕ್ಕದಲ್ಲಿ ಯಾರು ಕೂರುತ್ತೀರಿ?”

ವಕೀಲರಿಗೆ ತಟ್ಟನೆ ನಿಯಮ ನೆನಪಾಯಿತು. “ಕೆಂಪು ಎಲ್ ಫಲಕ ಕನಿಷ್ಠ 18 ಸೆಂಟಿಮೀಟರ್ ಚೌಕ, ಅಕ್ಷರದ ಎತ್ತರ ಕನಿಷ್ಠ 10, ಹಿಂದೆಯೂ ಮುಂದೆಯೂ ಇರಬೇಕು. ಪಕ್ಕದಲ್ಲಿ ಲೈಸೆನ್ಸ್ ಇರುವವರು ಕಾರನ್ನು ನಿಲ್ಲಿಸಬಲ್ಲಂತೆ ಕುಳಿತಿರಬೇಕು. ನನಗೆ ನಾಳೆ ಕೋರ್ಟಿದೆ.”

“ನಾಳೆ ಭಾನುವಾರ,” ಎಂದರು ಮೇಡಂ. “ನಾನು ಕೂರುತ್ತೇನೆ, ಹ್ಯಾಂಡ್ ಬ್ರೇಕ್ ನನ್ನ ಕೈಯಲ್ಲಿ. ಹಿಂದಿನ ಸೀಟಿಗೆ ಯಾರು ಬರುತ್ತೀರಿ?”

ವಕೀಲರದೂ ಇಂಜಿನಿಯರದೂ ಕೈ ಒಟ್ಟಿಗೆ ಮೇಲೆದ್ದವು.

“ದಾರಿಯುದ್ದಕ್ಕೂ ಯಾರೂ ಬಾಯಿ ತೆರೆಯುವಂತಿಲ್ಲ.”

ಎರಡೂ ಕೈ ಕೆಳಗಿಳಿದವು.