ಅಪ್‌ಡೇಟ್: ಕೊನೆಗೂ ರಾಜ್ಮಾ ಮೆತ್ತಗೆ ಬೆಂದಿತು

ಗೆಳೆಯರು ಊಟಕ್ಕೆ ಬಂದಾಗ ಒಂದೇ ಪಾತ್ರೆಯಲ್ಲಿ ರಾಜ್ಮಾ, ಟೊಮೆಟೊ, ಈರುಳ್ಳಿ ಎಲ್ಲ ಹಾಕಿ ಬೇಯಿಸುತ್ತೇನೆ, ಎರಡು ಗಂಟೆ ಕುದಿಸಿದರೂ ಕಾಳು ಗಟ್ಟಿಯಾಗೇ ಉಳಿಯುತ್ತದೆ ಅಂತ ಹೋದ ವಾರ ಕೇಳಿದ್ದೆನಲ್ಲ, ಅದು ಸರಿಹೋಯಿತು!

ಕೈ ಹಿಡಿದದ್ದು "ಟೊಮೆಟೊ ಕೊನೆಗೆ ಹಾಕಿ" ಅನ್ನುವ ಸಲಹೆ. ಹುಳಿ ಇದ್ದರೆ ಕಾಳಿನೊಳಗಿನ ಪೆಕ್ಟಿನ್ (ಕಾಳಿನ ಕೋಶಗಳನ್ನು ಅಂಟಿನಂತೆ ಹಿಡಿದಿಡುವ ವಸ್ತು) ಸುಲಭವಾಗಿ ಕರಗುವುದಿಲ್ಲ, ಅದಕ್ಕೇ ಗಟ್ಟಿ. ಈ ಸಲ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿದೆ. ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಬೆಂದ ಮೇಲೆ ಟೊಮೆಟೊ ಹಾಕಿದೆ. ಎಷ್ಟು ಚೆನ್ನಾಗಿ ಬಂತು ಗೊತ್ತಾ! ಎಲ್ಲರೂ ಎರಡನೇ ಸಲ ಬಡಿಸಿಕೊಂಡರು.

ಅಡುಗೆ ಸೋಡಾ ಹಾಕಿಯೂ ನೋಡಿದೆ. ಬೇಗ ಬೆಂದಿತು ನಿಜ, ಆದರೆ ಸಿಪ್ಪೆ ಬಿಟ್ಟು ಮುದ್ದೆಯಾಯಿತು, ಸೋಪಿನಂಥ ರುಚಿ ಬೇರೆ. ನೆನೆಸದೆ ಜಾಸ್ತಿ ಹೊತ್ತು ಕುದಿಸಿದ್ದು ಸುಮ್ನೆ ಗ್ಯಾಸ್ ದಂಡ.

ನನಗೆ ಆಶ್ಚರ್ಯವಾದದ್ದು ಉಪ್ಪಿನ ವಿಷಯ. ಉಪ್ಪು ಮೊದಲೇ ಹಾಕಿದರೆ ಕಾಳು ಬೇಯುವುದಿಲ್ಲ ಅಂತಾರೆ ಅಲ್ವಾ? ನೆನೆಸುವ ನೀರಿಗೇ ಲೀಟರಿಗೆ ಸುಮಾರು 15 ಗ್ರಾಂ ಉಪ್ಪು ಹಾಕಿದೆ. ಸಿಪ್ಪೆ ಇನ್ನೂ ಮೃದುವಾಯಿತು.

ಒಂದು ಮಾತು: ರಾಜ್ಮಾವನ್ನು 30 ನಿಮಿಷವಾದರೂ ಚೆನ್ನಾಗಿ ಕುದಿಸಲೇಬೇಕು. ಅರೆಬೆಂದ ಕಾಳು ತಿಂದರೆ ವಾಂತಿ, ಹೊಟ್ಟೆನೋವು ಬರುತ್ತದೆ.

ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.